ಕೊಲಂಬಸ್ ಹಡಗಿನ ಪಿನ್ನು ನೋಡುವವರು ಯಾರು?

ಮಾನ್ಯ ಪ್ರವಾಸೋದ್ಯಮ ಸಚಿವರಿಗೆ,

ವಿಷಯ: ಪಾರ್ಕು, ರೆಸಾರ್ಟು ಮತ್ತು ಜಾತ್ರೆಗಳಲ್ಲಿನ ರೈಡುಗಳ ತಪಾಸಣೆಗೆ ಹೊಣೆಗಾರರೇ ಇಲ್ಲದಿರುವ ಬಗ್ಗೆ.

ಸ್ವಾಮಿ,

ನಾಲ್ಕು ಮಹಡಿಯ ಕಟ್ಟಡಕ್ಕೆ ಲಿಫ್ಟ್ ಹಾಕಿಸಬೇಕಾದರೆ ನಮ್ಮ ರಾಜ್ಯದಲ್ಲಿ ಅದಕ್ಕೆಂದೇ ಒಂದು ಕಾಯ್ದೆಯಿದೆ. 2012ರ ಕರ್ನಾಟಕ ಲಿಫ್ಟ್, ಎಸ್ಕಲೇಟರ್ ಮತ್ತು ಪ್ಯಾಸೆಂಜರ್ ಕನ್ವೇಯರ್ ಕಾಯ್ದೆ. ಅನುಮತಿ ಪಡೆಯಬೇಕು, ಲೈಸೆನ್ಸ್ ಪಡೆಯಬೇಕು, ಇನ್‌ಸ್ಪೆಕ್ಟರ್ ಬಂದು ನೋಡಿ ಹೋಗಬೇಕು. ಆ ಲಿಫ್ಟು ಮೇಲೆ ಕೆಳಗೆ ಓಡಾಡುವುದು ಬಿಟ್ಟರೆ ಬೇರೇನೂ ಮಾಡುವುದಿಲ್ಲ. ಅದೇ ಕಟ್ಟಡದ ಮಕ್ಕಳನ್ನು ರಜೆಯಲ್ಲಿ ಊರಾಚೆಯ ಪಾರ್ಕಿಗೆ ಕರೆದೊಯ್ದು ಅಷ್ಟೇ ಎತ್ತರಕ್ಕೆ ಏರಿಸಿ, ತಲೆಕೆಳಗು ಮಾಡಿ, ಗರಗರ ತಿರುಗಿಸಿ ಇಳಿಸುವ ಯಂತ್ರಕ್ಕೆ ಅಂಥದ್ದೊಂದು ಕಾಯ್ದೆಯಿಲ್ಲ. ನನ್ನ ದೂರು ಇಷ್ಟೇ. ಉಳಿದದ್ದೆಲ್ಲ ಅದರ ವಿವರ.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು. ಒಂದು ಮಧ್ಯಮ ಗಾತ್ರದ ಪಾರ್ಕಿನಲ್ಲಿ ಮೇಂಟೆನೆನ್ಸ್ ಮೇಲ್ವಿಚಾರಕನಾಗಿದ್ದು ನಿವೃತ್ತನಾದೆ. ಹಾಗಾಗಿ ಎಲ್ಲಿಗೆ ಹೋದರೂ ರೈಡು ಹತ್ತುವ ಮೊದಲು ಅದರ ಅಡಿಗೆ ಬಗ್ಗಿ ನೋಡುವ ಚಾಳಿ. ಮನೆಯವರಿಗೆ ಇದರಿಂದ ಮುಜುಗರವೇ ಹೆಚ್ಚು.

ಕಳೆದ ಬೇಸಿಗೆಯಲ್ಲಿ ನೆಂಟರ ಜೊತೆ ಒಂದು ರೆಸಾರ್ಟಿಗೆ ಹೋಗಿದ್ದೆ. ಈಜುಕೊಳ, ನೀರಿನ ಜಾರುಬಂಡೆ, ಜೊತೆಗೆ ಐದಾರು ರೈಡು ಇರುವಂಥ ಜಾಗ. ಅಲ್ಲಿಯ ಕೊಲಂಬಸ್ ಹಡಗಿನಲ್ಲಿ ಕೂತವರ ತೊಡೆಯ ಮೇಲೆ ಒಂದು ಸರಳು ಬರುತ್ತದೆ. ಆ ಸರಳು ಮೇಲೇಳದಂತೆ ಹಿಡಿಯುವುದು ಬೆರಳುಗಾತ್ರದ ಒಂದು ಪಿನ್ನು. ಪಿನ್ನು ಜಾರದಂತೆ ಹಿಡಿಯುವುದು ಒಂದು ಸ್ಪ್ರಿಂಗ್ ಕ್ಲಿಪ್ಪು. ಮೂರನೇ ಸಾಲಿನಲ್ಲಿ ಕ್ಲಿಪ್ಪಿನ ಜಾಗಕ್ಕೆ ಸೆಂಟ್ರಿಂಗ್ ಕೆಲಸದವರು ಕಂಬಿ ಕಟ್ಟುವ ಬೈಂಡಿಂಗ್ ವೈರ್ ಸುತ್ತಿದ್ದರು. ಕತ್ತರಿಸಿದ ತುದಿ ಇನ್ನೂ ಹೊಳೆಯುತ್ತಿತ್ತು, ಅಂದರೆ ಹೊಸದಾಗಿ ಸುತ್ತಿದ್ದು. ಹಳೆಯದು ಈಗಾಗಲೇ ಒಮ್ಮೆ ತುಂಡಾಗಿತ್ತು ಅಂತಲೂ ಅರ್ಥ. ರೈಡು ನಡೆಸುತ್ತಿದ್ದ ಹುಡುಗನನ್ನು ಕೇಳಿದೆ. “ಕ್ಲಿಪ್‌ಗೆ ಇಂಡೆಂಟ್ ಹಾಕಿ ಬಾಳಾ ದಿನ ಆಯ್ತು ಸಾರ್, ಬಂದಿಲ್ಲ. ದೊಡ್ಡವ್ರು ನೀವು, ಆಫೀಸಲ್ಲಿ ಒಂದು ಮಾತು ಹೇಳಿ” ಅಂದ. ಹೇಳಿದೆ. ಮ್ಯಾನೇಜರು, “ವೈರು ಕ್ಲಿಪ್ಪಿಗಿಂತ ಗಟ್ಟಿ ಬಿಡಿ ಸಾರ್” ಅಂದು ನಕ್ಕರು.

ಅಲ್ಲಿಂದ ಶುರುವಾಯಿತು ನನ್ನ ಅಲೆದಾಟ. ಒಂದು ಕಚೇರಿಯವರು, “ನಾವು ಕೊಟ್ಟಿರೋದು ವ್ಯಾಪಾರದ ಲೈಸೆನ್ಸು, ಮೆಷಿನ್ನು ನಮಗೆ ಬರಲ್ಲ” ಅಂದರು. ಇನ್ನೊಂದರಲ್ಲಿ, “ಜನ ಸೇರೋದಕ್ಕೆ ಅನುಮತಿ ಕೊಡ್ತೀವಿ, ಏನಾದ್ರೂ ಆದ್ರೆ ಕೇಸ್ ಹಾಕ್ತೀವಿ” ಅಂದರು. ಮೂರನೆಯವರು, “ಅದು ಫ್ಯಾಕ್ಟರಿ ಅಲ್ವಲ್ಲ” ಅಂದರು. ನಾಲ್ಕನೆಯವರು ಅರ್ಜಿಯನ್ನು ಮೊದಲನೆಯವರಿಗೇ ‘ಮುಂದಿನ ಸೂಕ್ತ ಕ್ರಮಕ್ಕಾಗಿ’ ರವಾನಿಸಿ ನನಗೊಂದು ಪ್ರತಿ ಕಳಿಸಿದರು. ಯಾರೂ ಒರಟಾಗಿ ಮಾತಾಡಲಿಲ್ಲ, ಒಬ್ಬರಂತೂ ಕಾಫಿ ತರಿಸಿದರು. ತಮಾಷೆಯೆಂದರೆ ನಾಲ್ವರು ಹೇಳಿದ್ದೂ ನಿಜವೇ. ಆ ರೆಸಾರ್ಟಿನ ಹೆಸರನ್ನಾಗಲಿ ಕಚೇರಿಗಳ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ಅವರನ್ನು ಹಿಡಿದು ದಂಡ ಹಾಕಿಸಿದರೆ ಮುಗಿಯುವ ವಿಷಯ ಇದಲ್ಲ.

ಕಾನೂನಿನ ಕಡೆಯಿಂದ ನೋಡಿದರೆ, ಸಾರ್ವಜನಿಕ ಮನರಂಜನೆಯ ಜಾಗಗಳಿಗೆ ಪರವಾನಗಿ ಕೊಡುವ ಅಧಿಕಾರ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 31ನೇ ಕಲಮಿನಲ್ಲಿದೆ. ಪರವಾನಗಿಯ ಕಡತದಲ್ಲಿ ಪತ್ರಗಳಿಗೇನೂ ಬರವಿಲ್ಲ. ವೈರಿಂಗ್ ನೋಡುವವರು ವೈರಿಂಗ್ ನೋಡುತ್ತಾರೆ, ಅಗ್ನಿಶಾಮಕದವರು ಬೆಂಕಿ ನೋಡುತ್ತಾರೆ, ಪೊಲೀಸರು ಜನಸಂದಣಿ ನೋಡುತ್ತಾರೆ. ರೈಡಿನ ಮೈಯನ್ನು ಮಾತ್ರ ಅದರ ಮಾಲೀಕರೇ ನೋಡಿಕೊಳ್ಳಬೇಕು, ಇಲ್ಲವೇ ಅವರು ದುಡ್ಡು ಕೊಟ್ಟು ಕರೆಸಿದ ಎಂಜಿನಿಯರು ನೋಡಬೇಕು. ಭಾರತೀಯ ಮಾನಕ ಬ್ಯೂರೊ ರೈಡುಗಳಿಗೆಂದೇ ಐಎಸ್ 15475 ಎಂಬ ಸುರಕ್ಷತಾ ಸಂಹಿತೆಯನ್ನು 2004ರಲ್ಲೇ ಹೊರಡಿಸಿದೆ. ವಿನ್ಯಾಸ ಹೇಗಿರಬೇಕು, ನಡೆಸುವುದು ಹೇಗೆ, ತಪಾಸಣೆ ಹೇಗೆ ಎಲ್ಲ ಅದರಲ್ಲಿದೆ. ಆದರೆ ಮಾನಕವನ್ನು ಪಾಲಿಸಲೇಬೇಕೆಂದು ಹೇಳುವ ಕಾಯ್ದೆ ಬೇಕಲ್ಲ? ಇಲ್ಲದಿದ್ದರೆ ಅದು ಕೊಂಡು ಓದಬಹುದಾದ ಒಂದು ಪುಸ್ತಕ, ಅಷ್ಟೇ.

ಇಲ್ಲಿ ಸ್ವಲ್ಪ ನನ್ನ ಕಸುಬಿನ ಮಾತು ಹೇಳಬೇಕು, ಸಹಿಸಿಕೊಳ್ಳಬೇಕು.

ಕೊಲಂಬಸ್ ಹಡಗು ನೋಡಲು ಭಾರಿ, ಒಳಗೆ ಬಹಳ ಸರಳ. ಮೇಲೊಂದು ಅಡ್ಡ ಶಾಫ್ಟು, ಎರಡು ತುದಿಗೆ ಬೇರಿಂಗು, ಅದರಿಂದ ಇಳಿಬಿಟ್ಟ ತೋಳುಗಳಿಗೆ ಹಡಗು. ಕೆಳಗಡೆ ಲಾರಿಯದರಂಥ ಒಂದು ರಬ್ಬರ್ ಟೈರು ಹಡಗಿನ ಹೊಟ್ಟೆಗೆ ತಾಗಿ ಅದನ್ನು ನೂಕುತ್ತದೆ, ಕೊನೆಗೆ ಅದೇ ತಡೆದು ನಿಲ್ಲಿಸುತ್ತದೆ. ಹಡಗು ತಳಕ್ಕೆ ಬಂದಾಗಲೆಲ್ಲ ತೋಳಿನ ಮೇಲೆ ಬೀಳುವ ಭಾರ ಅದರ ತೂಕಕ್ಕಿಂತ ಬಹಳ ಹೆಚ್ಚು. ಮೇಲೆ ಹೋದಾಗ ಅದು ಇಳಿಯುತ್ತದೆ, ಮತ್ತೆ ಬೀಳುತ್ತದೆ. ಒಂದು ಸುತ್ತಿಗೆ ಮೂವತ್ತು ಸಲ ತೂಗಿತೆನ್ನಿ. ದಿನಕ್ಕೆ ಐವತ್ತು ಸುತ್ತು, ವರ್ಷಕ್ಕೆ ಮುನ್ನೂರು ದಿನ ಎಂದು ಹಿಡಿದರೆ ನಾಲ್ಕೂವರೆ ಲಕ್ಷ ಸಲ. ತಂತಿಯನ್ನು ಅತ್ತಿತ್ತ ಬಗ್ಗಿಸುತ್ತಾ ಹೋದರೆ ಎಲ್ಲೋ ಒಂದು ಕಡೆ ಪಟಕ್ಕನೆ ಮುರಿಯುವುದಿಲ್ಲವೇ, ಉಕ್ಕಿನದೂ ಅದೇ ಕಥೆ. ಒಮ್ಮೆಲೇ ಹೊರಲಾರದ ಭಾರಕ್ಕೆ ಅದು ಮುರಿಯುವುದು ಅಪರೂಪ. ಹೊರಬಲ್ಲ ಭಾರವನ್ನೇ ಲಕ್ಷ ಸಲ ಹೊತ್ತು ದಣಿದು ಮುರಿಯುತ್ತದೆ. ಮುರಿಯುವ ಮೊದಲು ವೆಲ್ಡಿಂಗಿನ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಅದರ ಮೇಲೆ ಬಣ್ಣ ಬಳಿದರೆ ಯಾವ ಕಣ್ಣಿಗೂ ಕಾಣದು. ಸೀಸನ್ನಿಗೆ ಮುಂಚೆ ನಮ್ಮ ಪಾರ್ಕುಗಳು ತಪ್ಪದೆ ಮಾಡುವ ಒಂದು ಕೆಲಸವೆಂದರೆ ಬಣ್ಣ ಬಳಿಯುವುದು.

ಆ ಬಿರುಕನ್ನು ಹಿಡಿಯಲು ರಾಕೆಟ್ ವಿಜ್ಞಾನ ಬೇಡ. ಡೈ ಪೆನೆಟ್ರಂಟ್ ಎಂದು ಮೂರು ಡಬ್ಬಿಯ ಒಂದು ಸೆಟ್ ಸಿಗುತ್ತದೆ. ಬಣ್ಣ ಕೆರೆದು, ಮೊದಲ ಡಬ್ಬಿಯಿಂದ ಜಿಡ್ಡು ತೊಳೆದು, ಎರಡನೆಯದರಿಂದ ಕೆಂಪು ದ್ರವ ಸಿಂಪಡಿಸಿ ಸ್ವಲ್ಪ ಹೊತ್ತು ಬಿಡಬೇಕು. ಆಮೇಲೆ ಒರೆಸಿ ಮೂರನೆಯದರಿಂದ ಬಿಳಿ ಪುಡಿ ಹಿಡಿಸಿದರೆ, ಬಿರುಕು ಇದ್ದ ಕಡೆ ಒಳಗೆ ಇಳಿದಿದ್ದ ಕೆಂಪು ಮೇಲೆದ್ದು ಗೆರೆಯಾಗಿ ನಿಲ್ಲುತ್ತದೆ. ಕೆಲಸ ಗೊತ್ತಿರುವ ಇಬ್ಬರು ಫಿಟ್ಟರುಗಳಿಗೆ ಒಂದು ರೈಡಿಗೆ ಒಂದು ದಿನ ಸಾಕು. ನಾವೊಮ್ಮೆ ಹೀಗೆ ಬಿಳಿ ಪುಡಿಯ ಮೇಲೆ ಕೆಂಪು ಗೆರೆ ಕಂಡು, ಒಂದು ರೈಡನ್ನು ಮೇ ತಿಂಗಳ ನಡುವೆಯೇ ನಿಲ್ಲಿಸಿದೆವು. ಹೊರಗೆ ಬಸ್ಸುಗಟ್ಟಲೆ ಜನ, ಒಳಗೆ ‘ರೈಡ್ ಅಂಡರ್ ಮೇಂಟೆನೆನ್ಸ್’ ಬೋರ್ಡು. ಆ ತಿಂಗಳು ಪೂರ್ತಿ ನಮ್ಮ ಮಾಲೀಕರು ನನ್ನ ಜೊತೆ ಮಾತು ಬಿಟ್ಟಿದ್ದರು. ಆದರೆ ರೈಡನ್ನು ಶುರು ಮಾಡಿ ಎಂದು ಹೇಳಲಿಲ್ಲ, ಅದಕ್ಕಾಗಿ ಅವರ ಮೇಲೆ ಇವತ್ತಿಗೂ ಗೌರವವಿದೆ.

ಎಲ್ಲ ಕಡೆ ಹೀಗೆ ನಿಲ್ಲಿಸುವವರು ಇರುವುದಿಲ್ಲ. 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾ ಕೆರೆಯ ಪಾರ್ಕಿನಲ್ಲಿ ಲೋಲಕದಂತೆ ತೂಗುವ ರೈಡು ನಡುವೆಯೇ ಮುರಿದು ಜನರ ಸಮೇತ ಕೆಳಕ್ಕೆ ಬಿತ್ತು. ಇಬ್ಬರು ಸತ್ತರು, ಇಪ್ಪತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. 2016ರ ಮೇ ತಿಂಗಳಲ್ಲಿ ಚೆನ್ನೈ ಬಳಿಯ ಕಿಷ್ಕಿಂಧಾ ಪಾರ್ಕಿನಲ್ಲಿ ರೈಡಿನ ಪ್ರಯೋಗ ನಡೆಸುವಾಗ ಅದು ಕುಸಿದು ಒಬ್ಬ ನೌಕರ ಸತ್ತ, ಇನ್ನೂ ಹಲವು ನೌಕರರಿಗೆ ಪೆಟ್ಟಾಯಿತು. ಪ್ರಯೋಗಕ್ಕೆ ಮರಳಿನ ಚೀಲ ಕೂರಿಸಬೇಕು. ಅಲ್ಲಿ ಕೂತಿದ್ದವರು ಸಂಬಳದ ಹುಡುಗರು. 2025ರ ಏಪ್ರಿಲ್‌ನಲ್ಲಿ ದೆಹಲಿಯ ಕಾಪಸಹೇಡಾದ ಪಾರ್ಕೊಂದರ ರೋಲರ್ ಕೋಸ್ಟರಿನಿಂದ ಬಿದ್ದು ಯುವತಿಯೊಬ್ಬಳು ಪ್ರಾಣ ಬಿಟ್ಟಳು.

ಇವೆಲ್ಲ ಪರರಾಜ್ಯದ ಸುದ್ದಿ ಅನ್ನಬೇಡಿ. 2023ರ ಜನವರಿಯಲ್ಲಿ ಶ್ರೀರಂಗಪಟ್ಟಣದ ರಥಸಪ್ತಮಿ ಜಾತ್ರೆಯ ಜೈಂಟ್ ವೀಲಿಗೆ ಬಾಲಕಿಯೊಬ್ಬಳ ಜಡೆ ಸಿಕ್ಕಿ ತಲೆಯ ಚರ್ಮವೇ ಕಿತ್ತು ಬಂತು. ತಿರುಗುವ ಭಾಗಕ್ಕೊಂದು ತಗಡಿನ ಮುಚ್ಚಳ, ಹತ್ತುವ ಮುನ್ನ ‘ಕೂದಲು ಕಟ್ಟಿಕೊಳ್ಳಮ್ಮಾ’ ಎಂದು ಒಂದು ಮಾತು, ಇಷ್ಟರಿಂದ ತಪ್ಪುವಂಥದ್ದು ಅದು. 2024ರ ನವೆಂಬರಿನಲ್ಲಿ ಮಂಗಳೂರು ಬಳಿಯ ಉಚ್ಚಿಲದ ರೆಸಾರ್ಟೊಂದರ ಈಜುಕೊಳದಲ್ಲಿ ನಮ್ಮ ಮೈಸೂರಿನ ಮೂವರು ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡರು. ಕೊಳದ ಬಳಿ ಜೀವರಕ್ಷಕ ಇರಲಿಲ್ಲ, ಆಳ ಎಷ್ಟೆಂಬ ಫಲಕವಿರಲಿಲ್ಲ. ಮೂರು ಹೆಣ ಬಿದ್ದ ಮೇಲೆ ರೆಸಾರ್ಟಿನ ಪರವಾನಗಿ ಅಮಾನತಾಯಿತು. ಫಲಕ ಇಲ್ಲವೆಂಬುದು ಅದಕ್ಕೆ ಮುಂಚೆಯೂ ಬರಿಗಣ್ಣಿಗೆ ಕಾಣುತ್ತಿತ್ತು. ನೋಡುವುದು ಯಾರ ಕೆಲಸವೂ ಆಗಿರಲಿಲ್ಲ.

ಈಗ ಮಾಲೀಕರ ಕಡೆಗೆ ಬರುತ್ತೇನೆ. ಅವರನ್ನು ಖಳನಾಯಕರನ್ನಾಗಿ ಮಾಡಿ ಪತ್ರ ಬರೆಯುವುದು ಸುಲಭ, ಆದರೆ ಅವರ ಲೆಕ್ಕದ ಪುಸ್ತಕವನ್ನು ಒಳಗಿನಿಂದ ನೋಡಿದವನು ನಾನು. ಏಪ್ರಿಲ್, ಮೇ, ದಸರೆ, ಡಿಸೆಂಬರಿನ ಶಾಲಾ ಪ್ರವಾಸ, ಇಷ್ಟೇ ದುಡಿಮೆಯ ಕಾಲ. ಜೂನಿನಿಂದ ಮಳೆ. ಸೋಮವಾರದಿಂದ ಗುರುವಾರದವರೆಗೆ ರೈಡಿಗೆ ಕೂರಿಸಲು ಜನ ಸಾಲದೆ ಕಾಯುವ ಸ್ಥಿತಿ. ರೈಡು ತಿರುಗಲಿ ಬಿಡಲಿ ಕರೆಂಟಿನ ಫಿಕ್ಸೆಡ್ ಚಾರ್ಜ್ ಕಟ್ಟಲೇಬೇಕು, ಕೊಳದ ನೀರಿಗೆ ಕ್ಲೋರಿನ್ ಹಾಕಲೇಬೇಕು, ಬ್ಯಾಂಕಿನ ಕಂತು ತುಂಬಲೇಬೇಕು. 2017ರಲ್ಲಿ ಜಿಎಸ್‌ಟಿ ಬಂದಾಗ ಪಾರ್ಕಿನ ಟಿಕೆಟ್ಟಿಗೆ ಶೇ 28ರ ತೆರಿಗೆ ಬಿತ್ತು. 2018ರ ಜನವರಿಯಲ್ಲಿ ಅದು ಶೇ 18ಕ್ಕೆ ಇಳಿಯುವ ಹೊತ್ತಿಗೆ ಸಣ್ಣವರ ಸೊಂಟ ಬಿದ್ದಿತ್ತು. 2020ರ ಮಾರ್ಚಿನಲ್ಲಿ ಕೊರೊನಾದಿಂದ ಮುಚ್ಚಿದ ಪಾರ್ಕುಗಳಿಗೆ ಕೇಂದ್ರ ಸರ್ಕಾರ ಅನುಮತಿ ಕೊಟ್ಟಿದ್ದು ಅಕ್ಟೋಬರಿನಲ್ಲಿ, ಅಂದರೆ ಆ ವರ್ಷದ ಬೇಸಿಗೆ ಪೂರ್ತಿ ಹೋಯಿತು. ಮಾರನೇ ಬೇಸಿಗೆಯನ್ನು ಎರಡನೇ ಅಲೆ ನುಂಗಿತು. ದೊಡ್ಡವರೇ ತತ್ತರಿಸಿದ ಧಂದೆ ಇದು. ಮಹಾರಾಷ್ಟ್ರದ ಖೋಪೋಲಿಯಲ್ಲಿ 2013ರಲ್ಲಿ ಭಾರಿ ಸಂಭ್ರಮದಿಂದ ಶುರುವಾದ ಇಮ್ಯಾಜಿಕಾ ಸಾಲದ ಹೊರೆ ಹೊರಲಾರದೆ 2022ರಲ್ಲಿ ಬೇರೆಯವರ ಕೈ ಸೇರಿತು. ಮುಂಬೈಯವರು 1989ರಿಂದ ಕಂಡಿದ್ದ ಎಸ್ಸೆಲ್ ವರ್ಲ್ಡ್ ಬಾಗಿಲು ಹಾಕಿತು.

ಹಣ ಕಡಿಮೆಯಾದಾಗ ಮಾಲೀಕರು ಎಲ್ಲಿ ಕೈಹಿಡಿತ ಮಾಡುತ್ತಾರೆ? ಜಾಹೀರಾತು ನಿಲ್ಲಿಸಿದರೆ ಜನ ಬರುವುದಿಲ್ಲ. ಊಟದ ರುಚಿ ಕೆಟ್ಟರೆ ಅವತ್ತು ಸಂಜೆಯೇ ಮೊಬೈಲಿನಲ್ಲಿ ಉಗಿಸಿಕೊಳ್ಳಬೇಕು. ರೂಮಿನ ಬೆಡ್‌ಶೀಟ್ ಕೊಳೆಯಾಗಿದ್ದರೆ ಬಂದವರು ದುಡ್ಡು ವಾಪಸ್ ಕೇಳುತ್ತಾರೆ. ಕಡಿತ ಮಾಡಿದರೂ ಯಾರ ಕಣ್ಣಿಗೂ ಬೀಳದ ಜಾಗ ಒಂದೇ, ಅದು ನಮ್ಮ ವರ್ಕ್‌ಶಾಪು. ಬೇರಿಂಗು ‘ಈ ಸೀಸನ್ ಮುಗೀಲಿ’ ಅನ್ನಿಸಿಕೊಳ್ಳುತ್ತದೆ. ಐಟಿಐ ಓದಿದ ಫಿಟ್ಟರು ಫ್ಯಾಕ್ಟರಿಗೆ ಹೋದರೆ ಅವನ ಜಾಗ ಖಾಲಿ ಉಳಿಯುತ್ತದೆ. ವೀಕೆಂಡಿಗೆ ಬರುವ ಕಾಲೇಜು ಹುಡುಗರು ದಿನಗೂಲಿಗೆ ರೈಡಿನ ಬಟನ್ ಒತ್ತುತ್ತಾರೆ. ಸ್ಪ್ರಿಂಗ್ ಕ್ಲಿಪ್ಪಿನ ಜಾಗಕ್ಕೆ ಬೈಂಡಿಂಗ್ ವೈರ್ ಬರುವುದು ಈ ದಾರಿಯಲ್ಲೇ, ಯಾರದೋ ಕೇಡುಬುದ್ಧಿಯಿಂದ ಅಲ್ಲ.

ಇದರ ನಡುವೆ ಪ್ರಾಮಾಣಿಕವಾಗಿ ಖರ್ಚು ಮಾಡುವ ಮಾಲೀಕನ ಗತಿ ನೋಡಿ. ಅವನು ಬೇರಿಂಗು ಬದಲಿಸುತ್ತಾನೆ, ಜೀವರಕ್ಷಕರಿಗೆ ವರ್ಷವಿಡೀ ಸಂಬಳ ಕೊಡುತ್ತಾನೆ, ಟಿಕೆಟ್ ದರ ಏರುತ್ತದೆ. ಪಕ್ಕದವನು ಇದ್ಯಾವುದೂ ಮಾಡದೆ ದರ ಇಳಿಸಿ ‘ಆಫರ್’ ಬೋರ್ಡು ಹಾಕುತ್ತಾನೆ. ಸಂಸಾರ ಕಟ್ಟಿಕೊಂಡು ಬಂದವರಿಗೆ ಎರಡೂ ರೈಡು ಒಂದೇ ಥರ ಬಣ್ಣಬಣ್ಣವಾಗಿ ಕಾಣುತ್ತವೆ. 2024ರ ಮೇ 25ರಂದು ರಾಜಕೋಟೆಯ ಗೇಮ್ ಝೋನಿನಲ್ಲಿ ಬೆಂಕಿ ಬಿದ್ದು ಇಪ್ಪತ್ತೇಳು ಜನ, ಅವರಲ್ಲಿ ಮಕ್ಕಳೂ ಸೇರಿ, ಬೆಂದುಹೋದರು. ಅಲ್ಲಿಗೆ ಅಗ್ನಿಶಾಮಕ ಇಲಾಖೆಯ ಎನ್‌ಒಸಿಯೇ ಇರಲಿಲ್ಲ. ಅವತ್ತು ಪ್ರವೇಶ ಶುಲ್ಕ ಕೇವಲ 99 ರೂಪಾಯಿ. ಅಂಥ ದರದ ಜೊತೆ ಸರಿಯಾಗಿ ನಡೆಸುವವನು ಪೈಪೋಟಿ ಮಾಡುವುದು ಹೇಗೆ? ಆದ್ದರಿಂದ ತಪಾಸಣೆ ತಂದರೆ ಉದ್ಯಮ ಸಾಯುತ್ತದೆ ಎಂದು ಯಾರಾದರೂ ತಮ್ಮ ಕಿವಿಯಲ್ಲಿ ಹೇಳಿದರೆ, ಸಾಯುವುದು ಯಾವ ಉದ್ಯಮ ಎಂದು ಕೇಳಿ.

ಅಪಘಾತದ ಬೆಲೆಯೂ ಸಣ್ಣದಲ್ಲ. ಇಂಗ್ಲೆಂಡಿನ ಆಲ್ಟನ್ ಟವರ್ಸ್‌ನಲ್ಲಿ 2015ರ ಜೂನ್ 2ರಂದು ಸ್ಮೈಲರ್ ಎಂಬ ರೋಲರ್ ಕೋಸ್ಟರಿನ ಹಳಿಯ ಮೇಲೆ ಒಂದು ಖಾಲಿ ಬಂಡಿ ಸಿಕ್ಕಿಕೊಂಡಿತ್ತು. ಕಂಪ್ಯೂಟರ್ ಸರಿಯಾಗಿಯೇ ತಡೆ ಹಾಕಿತ್ತು. ಕಂಪ್ಯೂಟರೇ ತಪ್ಪಿರಬೇಕೆಂದುಕೊಂಡು ಎಂಜಿನಿಯರುಗಳು ತಡೆ ತೆಗೆದರು. ಜನರಿದ್ದ ಬಂಡಿ ಹೋಗಿ ಗುದ್ದಿತು. ಹದಿನಾರು ಮಂದಿಗೆ ಗಾಯ, ಇಬ್ಬರು ಯುವತಿಯರು ತಲಾ ಒಂದು ಕಾಲು ಕಳೆದುಕೊಂಡರು. ಕಂಪನಿಗೆ 50 ಲಕ್ಷ ಪೌಂಡ್ ದಂಡ ಬಿತ್ತು. ಅದಕ್ಕಿಂತ ಮೊದಲೇ ಜನ ಬರುವುದು ಕಡಿಮೆಯಾಗಿ, ಆ ವರ್ಷವೇ 190ರವರೆಗೆ ಕೆಲಸ ಕಡಿತವೆಂದು ಕಂಪನಿ ಘೋಷಿಸಬೇಕಾಯಿತು. ಆಸ್ಟ್ರೇಲಿಯಾದ ಡ್ರೀಮ್‌ವರ್ಲ್ಡ್‌ನಲ್ಲಿ 2016ರ ಅಕ್ಟೋಬರ್ 25ರಂದು ನೀರಿನ ರೈಡಿನ ಪಂಪು ಕೈಕೊಟ್ಟಿತು. ಅವತ್ತು ಅದು ನಿಂತದ್ದು ಮೊದಲ ಸಲವೇನಲ್ಲ. ನೀರು ಇಳಿದು ಒಂದು ತೆಪ್ಪ ಹಳಿಯ ಮೇಲೆ ಕೂತುಬಿಟ್ಟಿತು. ಹಿಂದಿನಿಂದ ಬಂದ ತೆಪ್ಪ ಅದಕ್ಕೆ ಗುದ್ದಿ ಮಗುಚಿ, ನಾಲ್ವರು ಕನ್ವೇಯರಿಗೆ ಸಿಕ್ಕಿ ಸತ್ತರು. ಕನ್ವೇಯರನ್ನು ಕ್ಷಣದಲ್ಲಿ ನಿಲ್ಲಿಸುವ ಬಟನ್ ಅಲ್ಲೇ ಇತ್ತು, ಅದು ಏನೆಂಬುದು ಅಲ್ಲಿ ನಿಂತಿದ್ದ ಹೊಸ ಹುಡುಗಿಗೆ ಸರಿಯಾಗಿ ಗೊತ್ತಿರಲಿಲ್ಲ. ಕಂಪನಿಗೆ 36 ಲಕ್ಷ ಡಾಲರ್ ದಂಡವಾಯಿತು. ಆದರೆ ಕ್ವೀನ್ಸ್‌ಲ್ಯಾಂಡ್ ಸರ್ಕಾರ ದಂಡಕ್ಕೇ ನಿಲ್ಲಲಿಲ್ಲ. 2019ರಲ್ಲಿ ದೊಡ್ಡ ಪಾರ್ಕುಗಳಿಗೆ ಪ್ರತ್ಯೇಕ ಲೈಸೆನ್ಸಿನ ನಿಯಮವನ್ನೇ ತಂದಿತು.

ನಮ್ಮಲ್ಲಿ ಆಗುವುದೇನು? ಅವಘಡವಾದ ದಿನ ಬಟನ್ ಒತ್ತಿದ ಹುಡುಗನನ್ನು ಮೊದಲು ಠಾಣೆಗೆ ಕರೆದೊಯ್ಯುತ್ತಾರೆ. ನಿರ್ಲಕ್ಷ್ಯದಿಂದ ಸಾವು ಎಂದು ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಕೇಸು. ಇಂಡೆಂಟ್ ಹಾಕಿ ಕಾಯುತ್ತಿದ್ದವನೂ ಅವನೇ ಇರಬಹುದು. ಜಿಲ್ಲೆಯ ಎಲ್ಲ ಪಾರ್ಕುಗಳ ‘ತುರ್ತು ಪರಿಶೀಲನೆ’ಗೆ ಒಂದು ಆದೇಶ ಹೊರಡುತ್ತದೆ. ಎರಡು ವಾರ ಎಲ್ಲರೂ ಓಡಾಡುತ್ತಾರೆ, ಆಮೇಲೆ ಯಥಾಪ್ರಕಾರ.

ತಮ್ಮಲ್ಲಿ ಕೇಳುವುದು ಇದು. ಲಿಫ್ಟ್ ಕಾಯ್ದೆಯನ್ನೇ ಮಾದರಿಯಾಗಿಟ್ಟುಕೊಂಡು ರೈಡುಗಳಿಗೊಂದು ಕಾಯ್ದೆ ತನ್ನಿ, ಐಎಸ್ 15475 ಅನ್ನು ಅದರಲ್ಲಿ ಕಡ್ಡಾಯ ಮಾಡಿ. ಮಾಲೀಕರಿಂದ ಸಂಬಳ ಪಡೆಯದ ಇನ್‌ಸ್ಪೆಕ್ಟರ್ ಒಬ್ಬರು ವರ್ಷಕ್ಕೊಮ್ಮೆ, ಅದೂ ಬೇಸಿಗೆ ಸೀಸನ್ನಿಗೆ ಮುಂಚೆ, ಶಾಫ್ಟು ವೆಲ್ಡಿಂಗುಗಳ ಬಣ್ಣ ಕೆರೆಸಿ ನೋಡಲಿ. ಸರ್ಕಾರದಲ್ಲಿ ಅಷ್ಟು ಎಂಜಿನಿಯರುಗಳಿಲ್ಲ ಎಂದಾದರೆ ನಮ್ಮ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮೆಕ್ಯಾನಿಕಲ್ ವಿಭಾಗಗಳಿವೆ, ಅವರಿಗೆ ಅಧಿಕಾರ ಕೊಡಿ. ಕೊನೆಯ ತಪಾಸಣೆಯ ದಿನಾಂಕ, ಎಷ್ಟು ಜನ ಕೂರಬಹುದು, ಎಷ್ಟು ಎತ್ತರದ ಮಕ್ಕಳನ್ನು ಬಿಡಬಹುದು ಎಂಬುದು ಪ್ರತಿ ರೈಡಿನ ಬಾಗಿಲಲ್ಲಿ ಕನ್ನಡದಲ್ಲಿ ಇರಲಿ. ‘ಸ್ವಂತ ಜವಾಬ್ದಾರಿಯಲ್ಲಿ ಹತ್ತುವುದು’ ಎಂಬ ಬೋರ್ಡು ಬರೆಸಲು ಎಲ್ಲರ ಬಳಿಯೂ ದುಡ್ಡಿದೆ, ಇದನ್ನೂ ಬರೆಸಲಿ. ಸಾವು ನೋವು ಆಗದೆ ತಪ್ಪಿದ ಅವಘಡಗಳನ್ನೂ ವರದಿ ಮಾಡುವ ನಿಯಮ ಇರಲಿ, ಹಾಗೆ ವರದಿ ಮಾಡಿದವನ ನೌಕರಿಗೆ ಕುತ್ತು ಬಾರದಿರಲಿ.

ಹಣದ ಕಡೆಗೂ ತಾವು ನೋಡಬೇಕು. ಹೊಸ ಹೂಡಿಕೆಗೆ ಸಹಾಯಧನ ಕೊಡಲು ಪ್ರವಾಸೋದ್ಯಮ ನೀತಿ 2024–29 ಇದೆ. ಹೊಸ ರೈಡು ತರುವವರಿಗೆ ಕೊಡುವ ನೆರವಿನಲ್ಲಿ ಒಂದು ಪಾಲನ್ನು ಹಳೆಯ ರೈಡಿನ ಶಾಫ್ಟು ಬದಲಿಸುವವರಿಗೂ ಕೊಡಿ. ಸಣ್ಣ ಪಾರ್ಕುಗಳ ತಪಾಸಣಾ ಶುಲ್ಕವನ್ನು ಮೊದಲ ಕೆಲವು ವರ್ಷ ಇಲಾಖೆಯೇ ಭರಿಸಲಿ. ರಿಬ್ಬನ್ ಕತ್ತರಿಸುವ ಅವಕಾಶ ಇದರಲ್ಲಿ ಸಿಗುವುದಿಲ್ಲ, ಅದು ನನಗೂ ಗೊತ್ತು.

ಇನ್ನು ಜಾತ್ರೆಯ ರೈಡುಗಳು. ಕಾಯ್ದೆ ಬರುವವರೆಗೆ ಅವು ಕಾಯಲಾರವು, ಯಾಕೆಂದರೆ ಪಾರ್ಕಿನ ರೈಡು ಹುಟ್ಟಿದ ಜಾಗದಲ್ಲೇ ಇರುತ್ತದೆ, ಜಾತ್ರೆಯದನ್ನು ಊರೂರಿಗೆ ಬಿಚ್ಚಿ ಕಟ್ಟುತ್ತಾರೆ. ಪ್ರತಿ ಸಲ ಬಿಚ್ಚಿದಾಗಲೂ ನಾಲ್ಕು ನಟ್ಟು ಕಳೆಯುತ್ತವೆ. ಉತ್ತ ಹೊಲದ ಮೆತ್ತನೆ ನೆಲದ ಮೇಲೆ ಮರದ ದಿಮ್ಮಿ ಕೊಟ್ಟು ಜೈಂಟ್ ವೀಲ್ ನಿಲ್ಲಿಸಿರುವುದನ್ನು ಯಾವ ಜಾತ್ರೆಯಲ್ಲಿ ಬೇಕಾದರೂ ನೋಡಬಹುದು, ರಾತ್ರಿ ಮಳೆ ಬಂದರೆ ಬೆಳಿಗ್ಗೆ ದಿಮ್ಮಿ ಒಂದು ಕಡೆ ಇಳಿದಿರುತ್ತದೆ. ಮೈದಾನವನ್ನು ಹರಾಜು ಹಾಕುವವರು ಹೆಚ್ಚು ಕೂಗಿದವರಿಗೆ ಕೊಡುತ್ತಾರೆ, ಕೂಗಿದಾತ ಆ ದುಡ್ಡನ್ನು ಜಾತ್ರೆ ಮುಗಿಯುವುದರೊಳಗೆ ದುಡಿಯಬೇಕು. ಹಾಗಾಗಿ ಎಂಟು ಜನರ ತೊಟ್ಟಿಲಲ್ಲಿ ಹನ್ನೆರಡು ಜನ. ಇದಕ್ಕೆ ವಿಧಾನಮಂಡಲದ ಅಪ್ಪಣೆ ಬೇಕಿಲ್ಲ, ಹರಾಜಿನ ಷರತ್ತಿನಲ್ಲಿ ಒಂದು ಕಲಮು ಸೇರಿಸಿದರೆ ಸಾಕು. ಕಟ್ಟಿ ಮುಗಿಸಿದ ಮೇಲೆ ತುಂಬಿದ ಮರಳಿನ ಚೀಲಗಳನ್ನು ಕೂರಿಸಿ ಎಂಜಿನಿಯರ್ ಎದುರು ತಿರುಗಿಸಿ ತೋರಿಸದೆ ಒಂದು ಟಿಕೆಟ್ಟೂ ಹರಿಯುವಂತಿಲ್ಲ ಎಂದು. ಮುಜರಾಯಿ ಇಲಾಖೆ, ಪಂಚಾಯಿತಿಗಳು ಮತ್ತು ದಸರಾ ವಸ್ತುಪ್ರದರ್ಶನದ ಟೆಂಡರ್ ಕರೆಯುವವರಿಗೆ ತಮ್ಮ ಕಚೇರಿಯಿಂದ ಒಂದು ಸುತ್ತೋಲೆ ಹೋದರೆ ಈ ಸೀಸನ್ನಿನಿಂದಲೇ ಜಾರಿಗೆ ಬರುತ್ತದೆ.

ಆ ಸುತ್ತೋಲೆ ಬರೆಯಲು ತಾಂತ್ರಿಕ ವಿವರ ಬೇಕಾದರೆ ನನ್ನಂಥ ನಿವೃತ್ತ ಫಿಟ್ಟರುಗಳು, ಮೇಲ್ವಿಚಾರಕರು ಮೈಸೂರು, ಬೆಂಗಳೂರುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಬಸ್ ಚಾರ್ಜು ನಾವೇ ಹಾಕಿಕೊಂಡು ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಮೇಂಟೆನೆನ್ಸ್ ಮೇಲ್ವಿಚಾರಕ
ಮೈಸೂರು

ಪ್ರತಿ: ಮಾನ್ಯ ಗೃಹ ಸಚಿವರಿಗೆ ಮತ್ತು ಮಾನ್ಯ ಮುಜರಾಯಿ ಸಚಿವರಿಗೆ, ಮಾಹಿತಿಗಾಗಿ ಅಲ್ಲ, ಕ್ರಮಕ್ಕಾಗಿ.